ಅಮೃತಶಿಲೆಯ ಫಲಕವೂ ಶಿಕ್ಷಕಿಯ ಸಂಬಳವೂ

ದಾನದ ವಿಷಯದಲ್ಲಿ ನಮ್ಮ ಸಮಾಜವನ್ನು ಜಿಪುಣವೆಂದು ಶತ್ರುವೂ ಕರೆಯಲಾರನು. ಮುಂಬಯಿಯ ಉಪನಗರವಿರಲಿ, ಪುಣೆಯಿರಲಿ, ಚೆನ್ನೈ ಇರಲಿ, ಪಂಚಕಲ್ಯಾಣದ ಸವಾಲು ಆರಂಭವಾಯಿತೆಂದರೆ ಮೊದಲ ಕಲಶದ ಮೊತ್ತ ನೋಡನೋಡುತ್ತಲೇ ಲಕ್ಷಗಳನ್ನು ದಾಟುತ್ತದೆ. ಚಪ್ಪಾಳೆ ಏಳುತ್ತದೆ, ಶಾಲು ಬರುತ್ತದೆ, ಭಾವಚಿತ್ರ ತೆಗೆಯುತ್ತಾರೆ. ಅದೇ ಮಂಟಪದ ಬಾಗಿಲಲ್ಲಿ ನಿಂತು, ನಾಲ್ಕು ಬೀದಿಯಾಚೆಯ ಮಾಂಟೆಸ್ಸರಿ ಶಾಲೆ ತನ್ನ ಶಿಕ್ಷಕಿಗೆ ಎರಡು ತಿಂಗಳಿಂದ ಸಂಬಳ ಕೊಡಲಾರದೆ ಇದೆ ಎಂದು ಹೇಳಿ ನೋಡಿರಿ. “ಅದು ಖಾಸಗಿ ಶಾಲೆಯಲ್ಲವೇ? ಫೀ ತೆಗೆದುಕೊಳ್ಳುತ್ತಾರಲ್ಲ, ಮತ್ತೆ ದಾನವೇಕೆ?” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಸುಳ್ಳಿಗಿಂತ ಅದು ಹೆಚ್ಚು ಹಾನಿ ಮಾಡುತ್ತಿರುವುದೂ ಆ ಕಾರಣಕ್ಕಾಗಿಯೇ.

ಸತ್ಯದ ಅರ್ಧವನ್ನು ಮೊದಲು ಒಪ್ಪೋಣ. ನಮ್ಮ ನಗರಗಳಲ್ಲಿ ‘ಮಾಂಟೆಸ್ಸರಿ’ ಎಂಬ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಬರೆಯಿಸಬಹುದು. ಪ್ಲಾಸ್ಟಿಕ್ ಜಾರುಬಂಡೆ, ಗೋಡೆಯ ಮೇಲೆ ಮಿಕ್ಕಿ ಇಲಿ, ಮೂರು ವರ್ಷದ ಮಗುವಿನ ಕೈಗೆ ಹೋಂವರ್ಕ್ ಪುಸ್ತಕ: ಇಷ್ಟಕ್ಕೂ ಆ ಹೆಸರೇ. ಇವುಗಳಲ್ಲಿ ಅನೇಕವು ಫ್ರಾಂಚೈಸಿ ವ್ಯಾಪಾರಗಳು. ವ್ಯಾಪಾರ ಮಾಡುವುದು ಪಾಪವಲ್ಲ, ನಾವೂ ತಲೆತಲಾಂತರದಿಂದ ಮಾಡಿದವರೇ. ಆದರೆ ಅಂಗಡಿಗೆ ಬೆಲೆ ಕೊಡುತ್ತೇವೆಯೇ ಹೊರತು ದಾನ ಕೊಡುವುದಿಲ್ಲ. ಆದ್ದರಿಂದ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಶಾಲೆಯನ್ನು ನಡೆಸುತ್ತಿರುವುದು ಲಾಭ ಹಂಚಿಕೊಳ್ಳದ ಟ್ರಸ್ಟ್ ಅಥವಾ ಸೊಸೈಟಿಯೋ, ಇಲ್ಲವೇ ಒಬ್ಬರ ಸ್ವಂತ ಉದ್ಯಮವೋ? ಆಮೇಲೆ ಒಳಗೆ ಹೋಗಿ ಒಂದು ಮುಂಜಾನೆ ಕುಳಿತು ನೋಡಬೇಕು. ಮೂರರಿಂದ ಆರು ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿ ಬೆರೆತಿದ್ದಾರೆಯೇ? ಮಗು ತಾನೇ ಆರಿಸಿಕೊಂಡ ಕೆಲಸವನ್ನು ಗಂಟೆ ಬಾರಿಸದೆ ಮುಗಿಸಲು ಬಿಡುತ್ತಾರೆಯೇ? ಬಹುಮಾನ, ರ‍್ಯಾಂಕು, ಗದರಿಕೆಗಳಿಲ್ಲದೆ ಶಿಸ್ತು ಇದೆಯೇ? ಶಿಕ್ಷಕಿಗೆ ಆ ಪದ್ಧತಿಯ ತರಬೇತಿ ಆಗಿದೆಯೇ? ಇವೆಲ್ಲ ಇದ್ದರೆ ಅದು ನಾವು ಮಾತನಾಡಬೇಕಾದ ಶಾಲೆ.

ಈಗ ಸುಳ್ಳಿನ ಅರ್ಧಕ್ಕೆ ಬರೋಣ. ಮಾಂಟೆಸ್ಸರಿ ಎಂದರೆ ಶ್ರೀಮಂತರ ಮಕ್ಕಳ ವಿನೋದವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಚರಿತ್ರೆ ತದ್ವಿರುದ್ಧವಾಗಿದೆ. ಮರಿಯಾ ಮಾಂಟೆಸ್ಸರಿ ತಮ್ಮ ಮೊದಲ ‘ಮಕ್ಕಳ ಮನೆ’ಯನ್ನು 1907ರ ಜನವರಿ 6ರಂದು ತೆರೆದದ್ದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ಕೂಲಿಗೆ ಹೋದ ತಂದೆತಾಯಿಗಳ ಮಕ್ಕಳು ಹೊಸದಾಗಿ ದುರಸ್ತಿ ಮಾಡಿದ ವಠಾರದ ಗೋಡೆಗಳನ್ನು ಕೆಡಿಸುತ್ತಿದ್ದರು. ಗೋಡೆಗಳನ್ನು ಉಳಿಸಿಕೊಳ್ಳಲೆಂದು ಕಟ್ಟಡದ ಒಡೆತನದ ಸಂಸ್ಥೆ ಒಂದು ಕೋಣೆಯನ್ನೂ ಖರ್ಚನ್ನೂ ಕೊಟ್ಟಿತು. ಗೋಡೆಗಾಗಿ ಕೊಟ್ಟ ಹಣದಿಂದ ಮಕ್ಕಳು ಉದ್ಧಾರವಾದರು. ನಮ್ಮಲ್ಲಿ ಮಕ್ಕಳಿಗೆಂದು ಎತ್ತಿದ ಹಣದಿಂದ ಗೋಡೆಗಳು ಉದ್ಧಾರವಾಗುತ್ತಿವೆ.

1931ರ ಅಕ್ಟೋಬರಿನಲ್ಲಿ ಲಂಡನ್ನಿನ ಮಾಂಟೆಸ್ಸರಿ ತರಬೇತಿ ಕಾಲೇಜಿನಲ್ಲಿ ಮಾತನಾಡಿದ ಗಾಂಧೀಜಿಯವರು, ಈ ಶಿಕ್ಷಣ ಉಳ್ಳವರ ಮಕ್ಕಳಿಗಷ್ಟೇ ಅಲ್ಲದೆ ಕಡುಬಡವರ ಮಕ್ಕಳಿಗೂ ಸಿಗಲೆಂದು ಆಶಿಸಿದ್ದರು. ಭಾವನಗರದಲ್ಲಿ ವಕೀಲಿಯನ್ನು ಬಿಟ್ಟು ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ದಕ್ಷಿಣಾಮೂರ್ತಿ ಬಾಲಮಂದಿರವನ್ನು ಆರಂಭಿಸಿದ್ದರು. ಅವರೊಡನೆ ದುಡಿದ ತಾರಾಬಾಯಿ ಮೋಡಕರು 1945ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿಗೆ ಹೋದರು, ಅಲ್ಲಿಂದ ಮುಂದೆ ಕೋಸಬಾಡಿನ ಆದಿವಾಸಿಗಳ ನಡುವೆ ನೆಲೆಸಿದರು. ದುಬಾರಿ ಮರದ ಸಾಮಗ್ರಿಯ ಸ್ಥಾನದಲ್ಲಿ ಎಲೆ, ಬೀಜ, ಕಲ್ಲು, ಕವಡೆಗಳನ್ನಿಟ್ಟು ಅಂಗಳದಲ್ಲಿಯೇ ಕಲಿಸಿದರು. ಇಂದು ದೇಶದ ಮೂಲೆಮೂಲೆಯಲ್ಲಿ ಕೇಳುವ ಅಂಗನವಾಡಿ ಎಂಬ ಹೆಸರಿನ ಹಿಂದೆ ಅವರ ಆ ಅಂಗಳವಿದೆ. ಮುಂಬಯಿಯಿಂದ ಲೋಕಲ್ ರೈಲು ಹತ್ತಿ ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಊರಿನ ಸಂಗತಿಯಿದು. ತೀರ್ಥಯಾತ್ರೆಯ ಬಸ್ಸುಗಳು ಒಮ್ಮೆ ಅತ್ತ ತಿರುಗಿದರೂ ಪುಣ್ಯಕ್ಕೇನೂ ಕಡಿಮೆಯಾಗದು.

ಹಾಗಾದರೆ ಬಡವರಿಗಾಗಿ ಹುಟ್ಟಿದ ಶಿಕ್ಷಣ ಉಳ್ಳವರ ಪಾಲಾದದ್ದು ಹೇಗೆ? ಉತ್ತರ ಲೆಕ್ಕದಲ್ಲಿದೆ. ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. ಮೂವತ್ತು ಮಕ್ಕಳ ಒಂದು ಶಾಲೆ, ಮಗುವಿಗೆ ವರ್ಷಕ್ಕೆ 60,000 ರೂಪಾಯಿ ಫೀ. ಒಟ್ಟು ಆದಾಯ 18 ಲಕ್ಷ. ಮಹಾನಗರದಲ್ಲಿ ನೆಲಮಹಡಿಯ ಬಾಡಿಗೆ ತಿಂಗಳಿಗೆ 50,000 ಎಂದರೂ ವರ್ಷಕ್ಕೆ 6 ಲಕ್ಷ. ಇಬ್ಬರು ಶಿಕ್ಷಕಿಯರಿಗೆ ತಲಾ 25,000, ಒಬ್ಬ ಸಹಾಯಕಿಗೆ 15,000 ಕೊಟ್ಟರೆ ವರ್ಷಕ್ಕೆ 7.8 ಲಕ್ಷ. ಉಳಿದ 4.2 ಲಕ್ಷದಲ್ಲಿ ಸಾಮಗ್ರಿ, ವಿದ್ಯುತ್ತು, ಮಕ್ಕಳ ಉಪಾಹಾರ, ದುರಸ್ತಿ, ತರಬೇತಿ ಎಲ್ಲವೂ ನಡೆಯಬೇಕು. ಈಗ ಮನೆಗೆಲಸದವರ, ವಾಚ್‌ಮನ್‌ನ, ಹೋಟೆಲ್ ಕಾರ್ಮಿಕನ ಆರು ಮಕ್ಕಳನ್ನು ಫೀ ಇಲ್ಲದೆ ಸೇರಿಸಿಕೊಂಡರೆ 3.6 ಲಕ್ಷ ಕೈಬಿಡುತ್ತದೆ, ಶಾಲೆ ಮುಳುಗುತ್ತದೆ. ಮುಳುಗದಿರಬೇಕಾದರೆ ಆ ಮಕ್ಕಳನ್ನು ಬಾಗಿಲಲ್ಲೇ ತಡೆಯಬೇಕು. ಮುಖ್ಯೋಪಾಧ್ಯಾಯಿನಿ ಎಷ್ಟೇ ಕರುಣಾಮಯಿಯಾಗಿದ್ದರೂ ಈ ಲೆಕ್ಕವನ್ನು ಒಬ್ಬಳೇ ಬದಲಿಸಲಾರಳು.

ಅರವತ್ತು ಕುಟುಂಬಗಳು ಬದಲಿಸಬಲ್ಲವು. ತಿಂಗಳಿಗೆ 500 ರೂಪಾಯಿ, ವರ್ಷಕ್ಕೆ 6,000, ಅರವತ್ತು ಮನೆಗಳಿಂದ 3.6 ಲಕ್ಷ. ಒಂದು ಉಪನಗರದ ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ಅರವತ್ತು ಹೆಸರು ಸಿಗುವುದಿಲ್ಲವೇ? ಕಷ್ಟವಿರುವುದು ಹಣದಲ್ಲಲ್ಲ. ಈ 500 ರೂಪಾಯಿಗೆ ಶಾಲೂ ಇಲ್ಲ, ಫಲಕವೂ ಇಲ್ಲ.

ಇಲ್ಲಿಯೇ ನಮ್ಮ ರೋಗದ ಬೇರು ಇದೆ. ಕಟ್ಟಡಕ್ಕೆ ಹಣ ಕೊಡುವವರಿಗೆ ಬರವಿಲ್ಲ. ಕಟ್ಟಡದಲ್ಲಿ ಕಲಿಸುವವಳ ಸಂಬಳಕ್ಕೆ ಕೊಡುವವರು ಸಿಗುವುದಿಲ್ಲ. ಸಂಬಳದ ಮೇಲೆ ಹೆಸರು ಕೆತ್ತಿಸಲಾಗುವುದಿಲ್ಲವಲ್ಲ! ನಾನು ಕಂಡ ಒಂದು ಶಾಲೆಯಲ್ಲಿ (ಹೆಸರು ಬೇಡ) ನೀರಿನ ಫಿಲ್ಟರಿನಿಂದ ಹಿಡಿದು ಫ್ಯಾನಿನವರೆಗೆ ದಾನಿಗಳ ಹೆಸರಿತ್ತು. ತರಬೇತಿ ಪಡೆದ ಶಿಕ್ಷಕಿ ಮಾತ್ರ ಆ ವರ್ಷದ ನಡುವೆಯೇ ಹೆಚ್ಚು ಸಂಬಳದ ಕೆಲಸ ಹುಡುಕಿಕೊಂಡು ಹೋಗಿದ್ದಳು. ಕಪಾಟಿನಲ್ಲಿ ಗುಲಾಬಿ ಗೋಪುರದ ಹತ್ತು ಘನಗಳೂ ಸಾಲಾಗಿ ಕುಳಿತಿದ್ದವು, ಅವುಗಳನ್ನು ಮಗುವಿನ ಮುಂದೆ ಇಟ್ಟು ತೋರಿಸಬಲ್ಲ ಕೈ ಇರಲಿಲ್ಲ.

ನಮ್ಮ ಆಚಾರ್ಯರು ಈ ರೋಗವನ್ನು ಅರಿಯದವರಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ದಾನದ ಹಿರಿಮೆಯನ್ನು ಮೊತ್ತದಿಂದ ಅಳೆಯಲಿಲ್ಲ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ಅಳೆದರು. ಅತಿಥಿಸಂವಿಭಾಗ ವ್ರತದ ಅತಿಚಾರಗಳನ್ನು ಹೇಳುವಾಗ ಮಾತ್ಸರ್ಯವನ್ನೂ ಕಾಲಾತಿಕ್ರಮವನ್ನೂ ಎಣಿಸಿದರು. ಪಕ್ಕದವನು ಒಂದು ಲಕ್ಷವೆಂದನೆಂಬ ಹೊಟ್ಟೆಕಿಚ್ಚಿಗೆ ಎರಡು ಲಕ್ಷ ಕೂಗುವುದನ್ನು ಮಾತ್ಸರ್ಯವೆನ್ನದೆ ಇನ್ನೇನೆನ್ನಬೇಕು? ಜೂನಿನಲ್ಲಿ ಬೇಕಾದ ಹಣವನ್ನು ತೆರಿಗೆಯ ಲೆಕ್ಕ ನೋಡಿ ಮಾರ್ಚಿ 31ರ ಸಂಜೆ ಕಳುಹಿಸುವುದು ಕಾಲಾತಿಕ್ರಮವಲ್ಲವೇ? ಆ ಸೂತ್ರಗಳು ಮುನಿಗಳ ಆಹಾರದಾನವನ್ನು ಕುರಿತವು, ಶಾಲೆಗೆ ಹೇಗೆ ಅನ್ವಯಿಸುತ್ತವೆ ಎಂದು ಪಂಡಿತರು ಆಕ್ಷೇಪಿಸಬಹುದು. ಅನ್ವಯಿಸುವುದು ದಾತೃವಿನ ಮನಸ್ಸಿಗೆ. ಮಂಟಪದಿಂದ ಶಾಲೆಗೆ ನಡೆದುಕೊಂಡು ಬರುವಷ್ಟರಲ್ಲಿ ಆ ಮನಸ್ಸು ಬೇರೆಯಾಗುವುದಿಲ್ಲ.

ಇನ್ನು, ದಾನವೇ ಅಲ್ಲದ ‘ಡೊನೇಷನ್’ ಒಂದಿದೆ. ಮಗುವಿನ ಪ್ರವೇಶದ ದಿನ ಕವರಿನಲ್ಲಿಟ್ಟು ಕೊಡುವ ಹಣಕ್ಕೆ ನಮ್ಮ ಪೇಟೆಗಳಲ್ಲಿ ಇಟ್ಟಿರುವ ಹೆಸರದು. ಅದು ಸೀಟಿನ ಬೆಲೆ. ಶಿಕ್ಷಣ ಹಕ್ಕು ಕಾಯಿದೆ, 2009, ಶಾಲೆಗಳ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ, ಪಡೆದ ಮೊತ್ತದ ಹತ್ತು ಪಟ್ಟಿನವರೆಗೆ ದಂಡ ವಿಧಿಸುತ್ತದೆ. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಅದಕ್ಕೂ ಹಿಂದಿನ ಕಾಯಿದೆಗಳಿವೆ. ತನ್ನ ಮಗುವಿಗೆ ಸೀಟು ಕೊಂಡ ತಂದೆ ಅದನ್ನೇ ವಿದ್ಯಾದಾನವೆಂದು ಬಸದಿಯಲ್ಲಿ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಬಡವನ ಸೀಟಿನ ಬೆಲೆ ಏರಿಸಿದ್ದೇ ಆತನ ಕೊಡುಗೆ. ಶಾಲೆಗೆ ಕೊಡುವ ಕುಟುಂಬಗಳು ಮೊದಲು ಹಾಕಬೇಕಾದ ಷರತ್ತು ಇದೇ ಆಗಿರಲಿ: ಪ್ರವೇಶದ ಪಟ್ಟಿ ಮುಗಿದ ಮೇಲೆ ನಮ್ಮ ಚೆಕ್ ಬರುತ್ತದೆ, ಅದಕ್ಕೂ ನಮ್ಮ ಮೊಮ್ಮಗನ ಸೀಟಿಗೂ ಸಂಬಂಧವಿರಬಾರದು.

ಇನ್ನೊಂದು ಕಹಿ ಮಾತನ್ನೂ ಆಡಲೇಬೇಕು. 2014ರ ಜನವರಿಯಲ್ಲಿ ಕೇಂದ್ರ ಸರಕಾರ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರ ಸ್ಥಾನ ಕೊಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಮತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಪಸಂಖ್ಯಾತ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯಿದೆಯಿಂದ ಹೊರಗಿಟ್ಟಿತು. ಬಡಮಕ್ಕಳಿಗೆ ಶೇ. 25ರಷ್ಟು ಸೀಟು ಮೀಸಲಿಡುವ ಹೊಣೆಯೂ ಅದರೊಂದಿಗೆ ಹೋಯಿತು. ನಮ್ಮ ಭಾಷೆ, ಲಿಪಿ, ಶಾಸ್ತ್ರಗಳನ್ನು ಉಳಿಸಿಕೊಳ್ಳಲೆಂದು ಸಂವಿಧಾನ ಕೊಟ್ಟ ಹಕ್ಕನ್ನು, ಮನೆಗೆಲಸದವಳ ಮಗು ನಮ್ಮ ಮಗುವಿನ ಪಕ್ಕ ಕೂರದಂತೆ ತಡೆಯುವ ಬೀಗವಾಗಿ ಬಳಸುವುದು ಅಲ್ಪಸಂಖ್ಯಾತರ ಹಕ್ಕೂ ಅಲ್ಲ, ಜೈನತ್ವವೂ ಅಲ್ಲ. ಕಾನೂನು ಬಿಟ್ಟ ಶೇ. 25ನ್ನು ದಾನದಿಂದ ತುಂಬುವ ಶಾಲೆಗಳಿಗೆ ಮಾತ್ರ ನಮ್ಮ ಹಣವೆಂದು ಹೇಳುವ ಧೈರ್ಯ ನಮ್ಮ ಟ್ರಸ್ಟಿಗಳಿಗೆ ಬರಬೇಕು.

ಧೈರ್ಯಕ್ಕೆ ಮಾದರಿ ದೂರದಲ್ಲಿಲ್ಲ. ಕೊಲ್ಲಾಪುರ ಜಿಲ್ಲೆಯ ಕುಂಭೋಜದ ಜೈನ ಮನೆತನದಲ್ಲಿ 1887ರಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಸಾತಾರೆಯ ಅವರ ವಸತಿನಿಲಯದಲ್ಲಿ ಎಲ್ಲ ಜಾತಿಯ ಹುಡುಗರು ಒಂದೇ ಒಲೆಯ ಅನ್ನ ಉಂಡರು. ಅಕ್ಕಿ ಮುಗಿದಾಗ ಪತ್ನಿ ಲಕ್ಷ್ಮೀಬಾಯಿಯವರು ಒಡವೆಗಳನ್ನು ಕೊಟ್ಟರು, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. ಅವರ ಜಯಂತಿಯನ್ನು ನಾವು ತಪ್ಪದೆ ಆಚರಿಸುತ್ತೇವೆ. ಅವರ ಒಲೆಯ ನೆನಪು ಮಾತ್ರ ಭಾಷಣದಲ್ಲಿ ಬರುವುದಿಲ್ಲ. ಇನ್ನೂ ಹಿಂದಕ್ಕೆ ಹೋದರೆ ದಾನಚಿಂತಾಮಣಿ ಅತ್ತಿಮಬ್ಬೆ ಇದ್ದಾಳೆ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಆಕೆಯೇ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಪ್ರತಿ ಬರೆಯುವವನ ಕೂಲಿಗೆ ಕೊಟ್ಟ ದಾನವದು. ಬಸದಿಗೂ ಲಿಪಿಕಾರನಿಗೂ ಆಕೆಯ ಮನಸ್ಸಿನಲ್ಲಿ ಜಗಳವಿರಲಿಲ್ಲ.

ಲಿಪಿಯ ಮಾತು ಬಂದಾಗ ಹೊರನಾಡಿನವರಾದ ನಮಗೆ ಇಲ್ಲೊಂದು ಸ್ವಾರ್ಥವೂ ಇದೆಯೆಂದು ಹೇಳಿಬಿಡುತ್ತೇನೆ. ಮಾಂಟೆಸ್ಸರಿ ಪದ್ಧತಿಯಲ್ಲಿ ಮಗು ಪೆನ್ಸಿಲು ಹಿಡಿಯುವ ಮೊದಲೇ ಮರಳುಕಾಗದದ ಅಕ್ಷರವನ್ನು ಬೆರಳಿನಿಂದ ಸವರಿ ಕಲಿಯುತ್ತದೆ. ಪುಣೆಯ ಕೋಣೆಯಲ್ಲಿ ಮರಾಠಿಯ ಅಕ್ಷರಗಳ ಪಕ್ಕದಲ್ಲಿ ಕನ್ನಡದ ಒಂದು ಪೆಟ್ಟಿಗೆಯನ್ನೂ ಇಡಿರೆಂದು ಕೇಳಿದರೆ ಬಹಳಷ್ಟು ಶಿಕ್ಷಕಿಯರು ಸಂತೋಷದಿಂದ ಒಪ್ಪುತ್ತಾರೆ. ಹಲಗೆ, ಕತ್ತರಿ, ಅಂಟು ಇದ್ದರೆ ನಮ್ಮ ಅಜ್ಜಿಯರು ಒಂದು ಚಾತುರ್ಮಾಸದಲ್ಲಿ ಇಡೀ ವರ್ಣಮಾಲೆಯನ್ನು ಕತ್ತರಿಸಿ ಕೊಡಬಲ್ಲರು. ವಾರಕ್ಕೊಂದು ಮುಂಜಾನೆ ಹೋಗಿ ಕನ್ನಡದಲ್ಲಿ ಕತೆ ಹೇಳಿ ಬರುವುದೂ ಶಾಸ್ತ್ರದಾನದ ಲೆಕ್ಕಕ್ಕೇ ಸೇರುತ್ತದೆ.

ಕೊನೆಗೆ ತೆರಿಗೆಯ ಮಾತು, ಏಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. 80ಜಿ ಎಂದು ನಾವು ಕರೆಯುತ್ತ ಬಂದಿರುವ ವಿನಾಯಿತಿಯಲ್ಲಿ ಇಂಥ ಟ್ರಸ್ಟಿಗೆ ಕೊಟ್ಟ ಹಣದ ಅರ್ಧವನ್ನು, ಒಟ್ಟು ಆದಾಯದ ಶೇ. 10ರ ಮಿತಿಯೊಳಗೆ, ಕಳೆಯಬಹುದು. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಅದು ದೊರೆಯದು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಅದು ಇಲ್ಲವೇ ಇಲ್ಲ. ಹಳೆಯ ಪದ್ಧತಿಯಲ್ಲಿ ಶೇ. 30ರ ಹಂತದವರು ವರ್ಷಕ್ಕೆ 6,000 ಕೊಟ್ಟರೆ ಉಳಿಯುವುದು 900 ರೂಪಾಯಿಗಿಂತ ತುಸು ಹೆಚ್ಚು. ಅಷ್ಟಕ್ಕಾಗಿ ಕೊಡುವುದನ್ನು ನಿಲ್ಲಿಸಿದೆವೆಂದು ಹೇಳುವವರು ಹಿಂದೆಯೂ ದಾನ ಕೊಡುತ್ತಿರಲಿಲ್ಲ, ತೆರಿಗೆ ಉಳಿಸುತ್ತಿದ್ದರು. ಒಂದು ಸಂಗತಿ ಮಾತ್ರ ಟ್ರಸ್ಟಿಗಳ ಕಿವಿಗೆ ಬೀಳಲಿ: ಯಾವುದೋ ಒಂದು ಮತದ ಅಥವಾ ಜಾತಿಯ ಹಿತಕ್ಕೆಂದೇ ಹೇಳಿಕೊಂಡ ಸಂಸ್ಥೆಗೆ ಈ ವಿನಾಯಿತಿ ದೊರೆಯುವುದಿಲ್ಲ. ಬಾಗಿಲು ಎಲ್ಲರಿಗೂ ತೆರೆದಿರಬೇಕೆಂದು ಆದಾಯ ತೆರಿಗೆಯ ಕಾಯಿದೆಯೂ ಹೇಳುತ್ತಿದೆ.

ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗದ ದಿನ ಬರುತ್ತದೆ. ಈ ಬಾರಿ ಆ ದಿನಕ್ಕೆ ಮೊದಲು ಪ್ರತಿ ಊರಿನ ಸಂಘದಿಂದ ಇಬ್ಬರು, ಅವರಲ್ಲಿ ಒಬ್ಬರಾದರೂ ಶ್ರಾವಿಕೆ, ಸಮೀಪದ ಮಾಂಟೆಸ್ಸರಿ ಶಾಲೆಗೆ ಹೋಗಿ ನೋಂದಣಿ ಪತ್ರ, ಕಳೆದ ಎರಡು ವರ್ಷದ ಲೆಕ್ಕಪತ್ರ, ಶಿಕ್ಷಕಿಯರ ಸಂಬಳದ ಪಟ್ಟಿ, ಫೀ ಇಲ್ಲದೆ ಓದುತ್ತಿರುವ ಮಕ್ಕಳ ಸಂಖ್ಯೆ, ಈ ನಾಲ್ಕನ್ನು ಕೇಳಿ ತರಲಿ. ಸಭೆಯಲ್ಲಿ ಅವನ್ನು ಓದಲಿ. ಅರವತ್ತು ಹೆಸರುಗಳ ಪುಸ್ತಕವನ್ನು ಅಲ್ಲಿಯೇ ತೆರೆದು, ಯಾರ ಹೆಸರನ್ನೂ ಮೈಕಿನಲ್ಲಿ ಕೂಗದೆ, ಮೊದಲ ಕಂತನ್ನು ಜೂನಿನೊಳಗೆ ತಲುಪಿಸುವ ಹೊಣೆಯನ್ನು ಖಜಾಂಚಿಗೆ ಒಪ್ಪಿಸಲಿ.