ಅಂಕಿತವಿಲ್ಲದ ಮಾತು

ಹೊಸ ಸಾಧನವೊಂದು ಊರೊಳಗೆ ಕಾಲಿಟ್ಟಾಗಲೆಲ್ಲ ಅದನ್ನು ಹೊಗಳುವ ಪಕ್ಷವೊಂದು, ತೆಗಳುವ ಪಕ್ಷವೊಂದು ಹುಟ್ಟಿಕೊಳ್ಳುವುದು ಲೋಕರೂಢಿ. ಗಣಕಯಂತ್ರವೂ ಅಂತರಜಾಲವೂ ನಮ್ಮ ಶಾಲೆಗಳನ್ನು ಹೊಕ್ಕಾಗ ಆದದ್ದೂ ಇದೇ. ಒಬ್ಬರಿಗೆ ಅದು ಸರಸ್ವತಿಯ ಹೊಸ ವಾಹನ. ಇನ್ನೊಬ್ಬರಿಗೆ ಮಕ್ಕಳ ಬುದ್ಧಿಗೆ ಹತ್ತಿದ ಗೆದ್ದಲು. ಈ ವಾದ ಪ್ರತಿವಾದಗಳ ನಡುವೆ ಶಾಲೆಗಳು ತಮ್ಮ ಪಾಲಿನ ಕರ್ತವ್ಯವೆಂದು ಕೆಲವು ನಿಯಮಗಳನ್ನು ಬರೆದು ಗೋಡೆಗೆ ತೂಗುಹಾಕಿವೆ: ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ, ಅಪರಿಚಿತರೊಡನೆ ಮಾತಿಗಿಳಿಯಬೇಡಿ, ಕೆಟ್ಟ ತಾಣಗಳನ್ನು ನೋಡಬೇಡಿ, ಅಪ್ಪಣೆಯಿಲ್ಲದೆ ಯಂತ್ರವನ್ನು ಮುಟ್ಟಬೇಡಿ. ಇವೆಲ್ಲ ಬೇಕಾದ ಮಾತುಗಳೇ. ಆದರೆ ಇವು ಯಂತ್ರದಿಂದ ಮಗುವನ್ನು ಕಾಯುವ ನಿಯಮಗಳು. ತನ್ನ ಕೈಯಿಂದ ಹೊರಡುವ ಮಾತಿಗೆ ತಾನೇ ಹೊಣೆಯೆಂಬ ಅರಿವನ್ನು ಮಗುವಿಗೆ ಕೊಡುವ ಶಿಕ್ಷಣ ಇವುಗಳಲ್ಲಿಲ್ಲ. ಅಂತರಜಾಲದ ಹೊಣೆಯರಿತ ಬಳಕೆಯೆಂಬುದರ ತಿರುಳು ಇರುವುದು ಈ ಅರಿವಿನಲ್ಲಿ. ಇದನ್ನು ಕಲಿಸಬೇಕಾದವರು ಗಣಕದ ಉಪಾಧ್ಯಾಯರಿಗಿಂತ ಹೆಚ್ಚಾಗಿ ಭಾಷೆಯ ಉಪಾಧ್ಯಾಯರು ಎಂಬುದು ಈ ಲೇಖನದ ವಾದ.

ಈ ವಾದಕ್ಕೆ ಆಧಾರವನ್ನು ದೂರದೇಶಗಳಲ್ಲಿ ಅರಸಬೇಕಾಗಿಲ್ಲ. ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ, ತಂಗಡಗಿ ಎಂಬ ಊರಿದೆ. ಹೊಳೆಯ ಆಚೆಗೆ ಕೂಡಲಸಂಗಮ. ಕಲ್ಯಾಣವನ್ನು ಬಿಟ್ಟು ಸಂಗಮಕ್ಕೆ ಬಂದ ಬಸವಣ್ಣನವರು ಮಡದಿ ನೀಲಮ್ಮನವರನ್ನು ಕರೆತರುವಂತೆ ಹಡಪದ ಅಪ್ಪಣ್ಣನವರೊಡನೆ ಹೇಳಿ ಕಳುಹಿಸಿದರೆಂದೂ, ಇವರು ತಂಗಡಗಿಯನ್ನು ಮುಟ್ಟುವಷ್ಟರಲ್ಲಿ ಬಸವಣ್ಣನವರು ಐಕ್ಯರಾಗಿದ್ದರೆಂದೂ, ನೀಲಮ್ಮನವರು ಹೊಳೆಯನ್ನು ದಾಟದೆ ಅಲ್ಲಿಯೇ ಐಕ್ಯರಾದರೆಂದೂ ಐತಿಹ್ಯ. ಆ ದೂರದ ಹಾದಿಯಲ್ಲಿ ಸಂಚರಿಸಿದ್ದು ಒಂದು ಮಾತು. ಅದನ್ನು ಹೊತ್ತು ತಂದವರಿಗೆ ಹೆಸರಿತ್ತು, ಮುಖವಿತ್ತು. ಹೇಳಿ ಕಳುಹಿಸಿದವರಿಗೂ ಕೇಳಿದವರಿಗೂ ಅವರಲ್ಲಿ ನಂಬಿಕೆಯಿತ್ತು.

ಈ ಊರಿನೊಡನೆ ಹೆಸರು ಬೆಸೆದುಕೊಂಡ ಇಬ್ಬರೂ ವಚನಕಾರರು. ನೀಲಮ್ಮನವರ ಅಂಕಿತ ‘ಸಂಗಯ್ಯ’. ಅಪ್ಪಣ್ಣನವರದು ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’. ಬಸವಣ್ಣನವರ ‘ಕೂಡಲಸಂಗಮದೇವ’ ಎಂಬುದರ ನಡುವೆ ‘ಚೆನ್ನ’ ಎಂಬ ಎರಡಕ್ಷರ ಸೇರಿದರೆ ಸಾಕು, ‘ಕೂಡಲಚೆನ್ನಸಂಗಮದೇವ’ ಎಂದಾಗಿ ವಚನವು ಚೆನ್ನಬಸವಣ್ಣನವರದಾಗುತ್ತದೆ. ಎರಡಕ್ಷರ ಬಿಟ್ಟುಹೋದರೆ ಕರ್ತೃವೇ ಬದಲಾಗುವಂಥ ಈ ಸಾಹಿತ್ಯವನ್ನು ಅಚ್ಚಿಲ್ಲದ ಕಾಲದಲ್ಲಿ ಕೈಯಿಂದ ಕೈಗೆ ದಾಟಿಸಿದವರು ಲಿಪಿಕಾರರು. ಓಲೆಗರಿಯ ಕಟ್ಟಿನ ಕೊನೆಯಲ್ಲಿ, ಇಂಥ ಸಂವತ್ಸರದ ಇಂಥ ತಿಥಿಯಂದು ಇಂಥವರ ಓದಿಗಾಗಿ ಬರೆದು ಮುಗಿಸಿದೆನೆಂದು ಲಿಪಿಕಾರನು ತನ್ನ ಹೆಸರನ್ನು ಹೇಳಿಕೊಳ್ಳುವುದುಂಟು. ಅಕ್ಷರ ತಪ್ಪಿದ್ದರೆ ಬಲ್ಲವರು ತಿದ್ದಿ ಓದಬೇಕೆಂದು ಬೇಡಿಕೊಳ್ಳುವುದೂ ಉಂಟು. ಆತ ಕವಿಯೆನ್ನಿಸಿಕೊಂಡವನಲ್ಲ, ಪ್ರತಿ ಮಾಡುವವನು ಮಾತ್ರ. ಆದರೂ ತಾನು ದಾಟಿಸಿದ ಮಾತಿಗೆ ತಾನು ಉತ್ತರ ಹೇಳಬೇಕೆಂಬುದನ್ನು ಬಲ್ಲವನು. ಇಂದು ಗಣಕದ ಮುಂದೆ ಕುಳಿತ ಬಾಲಕನೂ ಬಹುಮಟ್ಟಿಗೆ ಪ್ರತಿ ಮಾಡುವವನೇ: ಒಂದೆಡೆಯಿಂದ ತೆಗೆದು ಇನ್ನೊಂದೆಡೆ ಇಡುತ್ತಾನೆ, ಒಬ್ಬರಿಂದ ಬಂದದ್ದನ್ನು ನೂರು ಮಂದಿಗೆ ಕಳುಹಿಸುತ್ತಾನೆ. ಲಿಪಿಕಾರನು ಕನಸಿನಲ್ಲಿಯೂ ಕಾಣದ ವೇಗ ಅವನಿಗೆ ದೊರೆತಿದೆ. ಲಿಪಿಕಾರನ ಅಳುಕನ್ನು ಮಾತ್ರ ನಾವು ಅವನಿಗೆ ಕೊಟ್ಟಿಲ್ಲ.

ಹಾಗೆಂದು ಯಂತ್ರವನ್ನು ಹಳಿಯುವುದು ಕೃತಘ್ನತೆಯಾದೀತು. ಫ. ಗು. ಹಳಕಟ್ಟಿಯವರು ಅಂದಿನ ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ನಡೆಸುತ್ತ, ಓಲೆಗರಿಗಳಿಗಾಗಿ ಊರೂರು ತಿರುಗಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ೧೯೨೫ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೂ ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಈ ಕಾರ್ಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಅವರು ಕಣ್ಮರೆಯಾದದ್ದು ೧೯೬೪ರಲ್ಲಿ. ಆಮೇಲೆ ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು ೧೫ ಸಂಪುಟಗಳಲ್ಲಿ ಪ್ರಕಟಿಸಿತು. ಇಂದು ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಆ ವಚನಗಳು ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ದೊರೆಯುತ್ತವೆ. ಹಳಕಟ್ಟಿಯವರು ಆಯುಷ್ಯವನ್ನೇ ತೆತ್ತು ಕೂಡಿಹಾಕಿದ್ದನ್ನು ತಂಗಡಗಿಯ ಹುಡುಗಿಯೊಬ್ಬಳು ಕ್ಷಣಮಾತ್ರದಲ್ಲಿ ಕಣ್ಣ ಮುಂದೆ ತಂದುಕೊಳ್ಳಬಹುದು. ನೀಲಮ್ಮನವರು ಬಸವಣ್ಣನವರ ಹೆಸರನ್ನು ಎಲ್ಲೆಲ್ಲಿ ಹೇಗೆ ಹೇಗೆ ಕರೆದಿದ್ದಾರೆಂಬುದನ್ನು ತಾನೇ ಹುಡುಕಿ ನೋಡಬಹುದು. ಆದರೆ ಅಕ್ಷರಕ್ಕೆ ಅಕ್ಷರ ಹೊಂದಿಸಿ ಹುಡುಕುವ ಯಂತ್ರಕ್ಕೆ ‘ಚೆನ್ನ’ ಬೇರೆ, ‘ಚನ್ನ’ ಬೇರೆ. ಎರಡೂ ಒಂದೇ ಎಂದು ಬಲ್ಲವಳು ಎರಡು ಬಾರಿ ಹುಡುಕಿ ಪೂರ್ತಿ ಉತ್ತರವನ್ನು ಪಡೆಯುತ್ತಾಳೆ; ಅರಿಯದವಳು ಅರ್ಧ ಉತ್ತರವನ್ನೇ ಪೂರ್ಣವೆಂದು ನಂಬಿ ಎದ್ದುಹೋಗುತ್ತಾಳೆ. ಯಂತ್ರವು ಬಲ್ಲವರಿಗೆ ಹೆಚ್ಚು ಕೊಡುತ್ತದೆ. ಶಾಲೆಯ ಕೆಲಸ ಮುಗಿಯಿತೆನ್ನುವವರು ಈ ಸಣ್ಣ ಸಂಗತಿಯನ್ನು ನೆನೆಯಬೇಕು.

ಇದೇ ಹಾದಿಯಲ್ಲಿ ಬೇರೆ ಸರಕೂ ಬರುತ್ತದೆ. ಯಾರೋ ನಿನ್ನೆ ಹೊಸೆದ ನೀತಿವಾಕ್ಯವೊಂದು ಬಸವಣ್ಣನವರ ಚಿತ್ರದ ಕೆಳಗೆ ಕುಳಿತು ಬೆಳಗಿನ ಹೊತ್ತು ಮನೆಮನೆಯ ಮೊಬೈಲಿಗೆ ಬರುವುದು ನಮಗೆಲ್ಲ ಪರಿಚಿತ. ಇದನ್ನು ಒಂದು ಹಳೆಯ ವಿವಾದದೊಡನೆ ಹೋಲಿಸಿ ನೋಡೋಣ. ಮಾತೆ ಮಹಾದೇವಿಯವರು ತಮ್ಮ ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತಕ್ಕೆ ಬದಲಾಗಿ ‘ಲಿಂಗದೇವ’ ಎಂದು ಇಟ್ಟರು. ೧೯೯೮ರಲ್ಲಿ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕವೊಂದನ್ನು ಮುಟ್ಟುಗೋಲು ಹಾಕುವುದು ಸರಿಯೇ ಎಂಬುದು ಬೇರೆ ಚರ್ಚೆ. ಇಲ್ಲಿ ಗಮನಿಸತಕ್ಕದ್ದು ಇಷ್ಟು: ಆ ಬದಲಾವಣೆಯನ್ನು ಮಾಡಿದವರು ತಮ್ಮ ಹೆಸರಿನಲ್ಲಿ, ಬಹಿರಂಗವಾಗಿ ಮಾಡಿದರು. ಆದ್ದರಿಂದಲೇ ನಾಡು ಅವರನ್ನು ಪ್ರಶ್ನಿಸಲು ಸಾಧ್ಯವಾಯಿತು, ಅವರು ಉತ್ತರ ಕೊಡಲು ಸಾಧ್ಯವಾಯಿತು. ಒಂದು ಅಂಕಿತಕ್ಕಾಗಿ ದಿಲ್ಲಿಯವರೆಗೆ ವ್ಯಾಜ್ಯ ನಡೆದ ನಾಡಿನಲ್ಲಿ, ಮೊಬೈಲಿನಲ್ಲಿ ದಿನವೂ ಆಗುವ ಇಂಥ ನೂರು ಬದಲಾವಣೆಗಳಿಗೆ ಉತ್ತರ ಹೇಳುವವರೇ ಇಲ್ಲ. ಕೇಳುವವರೂ ಇಲ್ಲ.

ಸಾಹಿತ್ಯದವರಿಗೆ ಇದೊಂದು ಗೀಳು ಎಂದು ವಾಚಕರು ನಗಬಾರದು. ಅಂಕಿತವಿಲ್ಲದ ಮಾತು ಪ್ರಾಣವನ್ನೂ ತೆಗೆಯುತ್ತದೆಂಬುದನ್ನು ನಮ್ಮ ನಾಡು ಕಣ್ಣಾರೆ ಕಂಡಿದೆ. ೨೦೧೨ರ ಆಗಸ್ಟಿನಲ್ಲಿ ಯಾರು ಬರೆದರೆಂದು ತಿಳಿಯದ ಬೆದರಿಕೆಯ ಸಂದೇಶಗಳಿಗೆ ಅಂಜಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರನ್ನು ಬಿಟ್ಟು ರೈಲು ಹತ್ತಿದರು. ಕೇಂದ್ರ ಸರ್ಕಾರ ಸಾಮೂಹಿಕ ಸಂದೇಶಗಳನ್ನು ಹದಿನೈದು ದಿನ ನಿರ್ಬಂಧಿಸಬೇಕಾಯಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಗಾಳಿಸುದ್ದಿ ೨೦೧೮ರಲ್ಲಿ ದೇಶದ ತುಂಬ ಹಬ್ಬಿತು. ಆಗ ಹರಿದಾಡಿದ ದೃಶ್ಯಗಳಲ್ಲಿ ಒಂದು, ಮಕ್ಕಳ ಸುರಕ್ಷೆಯ ಬಗೆಗೆ ಎಚ್ಚರ ಮೂಡಿಸಲೆಂದು ಕರಾಚಿಯಲ್ಲಿ ತಯಾರಿಸಿದ ಕಿರುಚಿತ್ರದ ತುಣುಕು. ಮೂಲದಲ್ಲಿ, ಎತ್ತಿಕೊಂಡು ಹೋದ ಮಗುವನ್ನು ಕೂಡಲೇ ಹಿಂದಕ್ಕೆ ತಂದು ಬಿಟ್ಟು, ಎಚ್ಚರಿಕೆಯ ಫಲಕವನ್ನು ತೋರಿಸುವ ಕೊನೆಯ ಭಾಗವಿತ್ತು. ಅದನ್ನು ಕತ್ತರಿಸಿ ಉಳಿದದ್ದನ್ನು ಹರಿಯಬಿಟ್ಟರು. ಅಂಕಿತವನ್ನು ಅಳಿಸಿದೊಡನೆ ಎಚ್ಚರಿಕೆಯ ಚಿತ್ರವೇ ಭೀತಿಯ ಚಿತ್ರವಾಯಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಬಂದಿದ್ದ ತಂತ್ರಜ್ಞನೊಬ್ಬನನ್ನು ಜನ ಹೊಡೆದು ಕೊಂದರು. ಅವನ ಸಂಗಡಿಗರು ಗಾಯಗೊಂಡರು. ಹಾದಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಸಂಶಯಕ್ಕೆ ಮೂಲ. ಅವರ ಕಾರು ಓಡುವುದಕ್ಕಿಂತ ಮೊದಲೇ ವಾಟ್ಸಾಪಿನ ಸುದ್ದಿ ಮುಂದಿನ ಊರನ್ನು ಮುಟ್ಟಿತ್ತು. ಆ ತಿಂಗಳೇ ವಾಟ್ಸಾಪ್ ಸಂಸ್ಥೆಯು ಒಬ್ಬರಿಂದ ಬಂದು ಮುಂದಕ್ಕೆ ಸಾಗಿದ ಸಂದೇಶಕ್ಕೆ ಗುರುತು ಹಾಕತೊಡಗಿತು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳುಹಿಸಲಾಗದಂತೆ ಮಿತಿಯನ್ನೂ ಇಟ್ಟಿತು. ಮನುಷ್ಯರು ಕಲಿಯದ ಅಳುಕನ್ನು ಯಂತ್ರಕ್ಕೆ ಕಲಿಸಬೇಕಾಗಿ ಬಂದದ್ದು ಹೀಗೆ.

ಆ ಸಂದೇಶಗಳನ್ನು ದಾಟಿಸಿದವರಲ್ಲಿ ಬಹುಮಂದಿ ನಮ್ಮ ಶಾಲೆಗಳಲ್ಲಿ ಓದಿದವರೇ ಇರಬೇಕಲ್ಲವೆ? ಅವರಿಗೆ ಓದಲು ಕಲಿಸಿದೆವು. ಓದಿದ್ದನ್ನು ಯಾರದು, ಎಲ್ಲಿಯದು, ಪೂರ್ತಿ ಇದೆಯೆ ಎಂದು ಕೇಳಲು ಕಲಿಸಲಿಲ್ಲ. ಕಲಿಸುವುದಿರಲಿ, ಕೇಳದಿರುವುದನ್ನೇ ರೂಢಿ ಮಾಡಿಸಿದ್ದೇವೆ. ಶಾಲೆಯ ‘ಪ್ರಾಜೆಕ್ಟ್’ ಎಂಬ ಬರವಣಿಗೆಯನ್ನು ತೆಗೆದುಕೊಳ್ಳಿ. ‘ನೀರಿನ ಮಹತ್ವ’ ಎಂಬ ವಿಷಯವನ್ನು ಮಗುವಿಗೆ ಕೊಡುತ್ತೇವೆ. ಮಗು ಊರಿನ ನೆಟ್ ಸೆಂಟರಿಗೆ ಹೋಗುತ್ತದೆ. ಅಂಗಡಿಯವನು ಹುಡುಕಿ, ಅಚ್ಚುಹಾಕಿ, ಬಣ್ಣದ ಚಿತ್ರ ಸೇರಿಸಿ, ಪುಟಕ್ಕೆ ಇಷ್ಟೆಂದು ಹಣ ಪಡೆದು ಕೊಡುತ್ತಾನೆ. ಮೇಲುಹೊದಿಕೆಯ ಮೇಲೆ ಮಗುವಿನ ಹೆಸರು. ನಾವು ಅಂಕ ಹಾಕುತ್ತೇವೆ. ತನ್ನದಲ್ಲದ ಮಾತಿಗೆ ತನ್ನ ಅಂಕಿತವನ್ನು ಹಾಕುವುದನ್ನು ಮಗುವಿಗೆ ಮೊದಲು ಕಲಿಸಿದವರು ಯಾರು? ಇಲ್ಲಿ ಮಗುವನ್ನು ದಂಡಿಸುವುದು ಅನ್ಯಾಯ. ಎಲ್ಲಿಂದಲಾದರೂ ಎತ್ತಿ ತರಬಹುದಾದ ಉತ್ತರವನ್ನು ಬೇಡುವ ಪ್ರಶ್ನೆಯಲ್ಲಿಯೇ ದೋಷವಿದೆ. ಅದೇ ಮಗುವಿಗೆ, ಕೃಷ್ಣೆಗೆ ಹಿನ್ನೀರು ಬಂದ ಮೇಲೆ ನಿಮ್ಮ ಊರಿನ ಹೊಲಗಳಲ್ಲಿ ಏನೇನು ಬದಲಾಯಿತೆಂದು ಮೂವರು ಹಿರಿಯರನ್ನು ಕೇಳಿ ಬರೆ ಎಂದಿದ್ದರೆ ನೆಟ್ ಸೆಂಟರಿನವನು ಕೈಚೆಲ್ಲಬೇಕಾಗುತ್ತಿತ್ತು.

ಈಗ ಕೃತಕ ಬುದ್ಧಿಮತ್ತೆಯ ಕಾಲ. ೨೦೨೨ರ ನವೆಂಬರಿನಲ್ಲಿ ಚಾಟ್ ಜಿಪಿಟಿ ಬಂದಂದಿನಿಂದ ಹುಡುಕುವ ಶ್ರಮವೂ ತಪ್ಪಿತು. ಕೇಳಿದ ವಿಷಯದ ಮೇಲೆ ಯಂತ್ರವೇ ಪ್ರಬಂಧವನ್ನು ಹೆಣೆದುಕೊಡುತ್ತದೆ. ಅದರ ರೀತಿಯನ್ನು ಮಕ್ಕಳು ಅರಿಯಬೇಕು. ಅಪಾರವಾದ ಬರಹರಾಶಿಯಿಂದ, ಯಾವ ಪದದ ಹಿಂದೆ ಯಾವ ಪದ ಬರುವ ಸಂಭವ ಹೆಚ್ಚೆಂಬುದನ್ನು ಕಲಿತು ಅದು ವಾಕ್ಯವನ್ನು ಪೋಣಿಸುತ್ತದೆ. ಆದ್ದರಿಂದ ಅದರ ಮಾತು ನಯವಾಗಿರುತ್ತದೆ. ನಿಜವಾಗಿಯೇ ಇರಬೇಕೆಂಬ ನಿಯಮವಿಲ್ಲ. ನೀಲಮ್ಮನವರ ವಚನವೊಂದನ್ನು ಕೊಡು ಎಂದರೆ, ಅವರು ಎಂದೂ ನುಡಿಯದ ಸಾಲುಗಳನ್ನು ಕಟ್ಟಿ ಕೊನೆಗೆ ‘ಸಂಗಯ್ಯ’ ಎಂದು ಸೇರಿಸಿ ಕೊಟ್ಟರೂ ಕೊಟ್ಟೀತು. ಅಂಕಿತವೇ ಸಾಕ್ಷಿಯೆಂದು ನಂಬಿದ್ದ ನಮಗೆ ಇದು ಹೊಸ ಪರೀಕ್ಷೆ. ಸಂಪುಟವನ್ನು ತೆರೆದು ಪುಟವನ್ನು ನೋಡಿ ಖಚಿತಪಡಿಸಿಕೊಳ್ಳುವ ಅಭ್ಯಾಸವೊಂದೇ ಇದಕ್ಕೆ ಮದ್ದು.

ನಿಷೇಧವೇ ಮದ್ದೆಂದು ಬಗೆದವರೂ ಇದ್ದಾರೆ. ಆಸ್ಟ್ರೇಲಿಯ ದೇಶವು ಹದಿನಾರು ವರ್ಷ ತುಂಬದವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಕಾನೂನು ಮಾಡಿ ೨೦೨೫ರ ಡಿಸೆಂಬರ್ ೧೦ರಿಂದ ಜಾರಿಗೆ ತಂದಿತು. ಎಳೆಯರನ್ನು ಕೆಡುಕಿನಿಂದ ಕಾಯುವ ಆ ಕಾಳಜಿಯನ್ನು ಅಲ್ಲಗಳೆಯಲಾಗದು. ಆದರೆ ಹದಿನಾರು ತುಂಬಿದ ಮರುದಿನ ಬಾಗಿಲು ತೆರೆದಾಗ ಆ ಮಗು ಯಾವ ವಿವೇಕದಿಂದ ಒಳಗೆ ಕಾಲಿಡಬೇಕು? ನಮ್ಮಲ್ಲಿಯೂ ಒಂದು ಬಗೆಯ ನಿಷೇಧ ಸದ್ದಿಲ್ಲದೆ ನಡೆದು ಬಂದಿದೆ. ‘ಮಾಹಿತಿ ಸಿಂಧು’ವಿನಂಥ ಯೋಜನೆಗಳಿಂದ ಪ್ರೌಢಶಾಲೆಗಳಿಗೆ ಗಣಕಗಳು ಬಂದವು, ಕಲಿಸುವವರು ಇಲ್ಲದಲ್ಲಿ, ಕೆಟ್ಟರೆ ಯಾರು ಹೊಣೆಯೆಂಬ ಭಯವಿದ್ದಲ್ಲಿ, ಕೋಣೆಗೆ ಬೀಗ ಬಿತ್ತು. ೨೦೨೦ರ ಮಾರ್ಚಿನಲ್ಲಿ ಮಹಾಮಾರಿಯಿಂದಾಗಿ ಶಾಲೆಗಳು ಮುಚ್ಚಿದಾಗ ಮಕ್ಕಳ ಕೈಗೆ ಮೊಬೈಲು ಬಂತು, ಗುರುಗಳು ಜೊತೆಗಿಲ್ಲದೆ ಬಂತು. ಗಣಕ ಬೀಗದೊಳಗೆ, ಜಾಲ ಬೀದಿಯಲ್ಲಿ ಎಂಬಂತಾಯಿತು.

ಇದಕ್ಕಿಂತ ಮೇಲಾದ ದಾರಿ ನೆರೆಯಲ್ಲಿಯೇ ಇದೆ. ಕೇರಳದ ಸರ್ಕಾರಿ ಸಂಸ್ಥೆಯಾದ ‘ಕೈಟ್’ ೨೦೨೨ರಲ್ಲಿ ‘ಸತ್ಯಮೇವ ಜಯತೇ’ ಎಂಬ ಹೆಸರಿನಲ್ಲಿ ಶಾಲಾಮಕ್ಕಳಿಗೆ ಸುಳ್ಳುಸುದ್ದಿಯನ್ನು ಗುರುತಿಸುವ ತರಬೇತಿಯನ್ನು ನಡೆಸಿತು. ೨೦೨೪ರಲ್ಲಿ ಐದು ಮತ್ತು ಏಳನೆಯ ತರಗತಿಗಳ ಪಠ್ಯಪುಸ್ತಕದಲ್ಲಿಯೇ ಈ ವಿಷಯಕ್ಕೆ ಸ್ಥಾನ ದೊರೆಯಿತು. ಆ ಪುಸ್ತಕಗಳು ಕನ್ನಡದಲ್ಲಿಯೂ ಇವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲಿಯೇ ಈ ಪಾಠ ದೊರೆಯುತ್ತದೆ. ಗಡಿಯಾಚೆಯ ಕನ್ನಡದ ಮಕ್ಕಳಿಗೆ ಸಲ್ಲುವ ಪಾಠ ಕೃಷ್ಣೆಯ ದಂಡೆಯ ಮಕ್ಕಳಿಗೆ ಏಕೆ ಸಲ್ಲಬಾರದು?

ಹೊಸ ಪಠ್ಯ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಕನ್ನಡದ ತರಗತಿಯಲ್ಲಿ ನಾಳೆಯಿಂದಲೇ ಮೂರು ಅಭ್ಯಾಸಗಳನ್ನು ಹಾಕಿಕೊಡಬಹುದು. ಮೊದಲನೆಯದು, ಮಗು ಎಲ್ಲಿಂದ ಏನನ್ನು ತಂದರೂ ಕೆಳಗೆ ಯಾರದು, ಎಲ್ಲಿ ದೊರೆಯಿತು, ಎಂದು ನೋಡಿದೆ ಎಂದು ಬರೆಯಬೇಕು. ಲಿಪಿಕಾರನು ತಿಥಿ ಬರೆದಂತೆಯೇ ಇದು. ಎರಡನೆಯದು, ಒಂದೇ ವಚನವನ್ನು ಎರಡು ಕಡೆಯಿಂದ ತರಿಸಿ ಪಾಠಾಂತರವನ್ನು ಗುರುತಿಸಲು ಹೇಳಬೇಕು. ಎರಡು ಪ್ರತಿಗಳನ್ನು ಹೋಲಿಸಿ ನೋಡಬಲ್ಲ ಮಗು ಎರಡು ಸುದ್ದಿಗಳನ್ನೂ ಹೋಲಿಸಿ ನೋಡಬಲ್ಲದು. ಮೂರನೆಯದು, ಕಳುಹಿಸುವ ಮುನ್ನ ಒಂದು ಪ್ರಶ್ನೆ: ಇದನ್ನು ನನ್ನ ಹೆಸರು ಹೇಳಿ, ಅವರ ಮುಖ ನೋಡಿ, ಚಾವಡಿಯಲ್ಲಿ ನಿಂತು ಹೇಳಬಲ್ಲೆನೆ? ಗೆಳತಿಯ ಭಾವಚಿತ್ರವನ್ನು ಅವಳಿಗೆ ತಿಳಿಯದಂತೆ ಹರಿಯಬಿಡುವ ಹುಡುಗನಿಗೆ ಕಾನೂನಿನ ಕಲಮಿಗಿಂತ ಈ ಪ್ರಶ್ನೆ ಮೊದಲು ತಟ್ಟಬೇಕು.

ಇವು ಕೈಗೂಡಿದ ಮಕ್ಕಳಿಗೆ ಇನ್ನೂ ಒಂದು ಹೆಜ್ಜೆಯುಂಟು. ಕನ್ನಡ ವಿಕಿಪೀಡಿಯ ೨೦೦೩ರಿಂದ ನಡೆದಿದೆ. ಅದು ಯಾರು ಬೇಕಾದರೂ ಬರೆಯಬಹುದಾದ, ಆದರೆ ಆಧಾರವಿಲ್ಲದೆ ಬರೆದದ್ದನ್ನು ಪ್ರಶ್ನಿಸುವ ವಿಶ್ವಕೋಶ. ತಂಗಡಗಿಯ ಶಾಲೆಯ ಮಕ್ಕಳು ತಮ್ಮ ಊರಿನ ಹೊಳೆ, ಗುಡಿ, ಬೆಳೆ, ಜಾತ್ರೆಗಳನ್ನು ಕುರಿತು, ಹಿರಿಯರನ್ನು ಕೇಳಿ, ಪುಸ್ತಕಗಳಲ್ಲಿ ಆಧಾರವನ್ನು ಹುಡುಕಿ ನಾಲ್ಕು ಪುಟಗಳನ್ನು ಅಲ್ಲಿ ಬರೆಯಲಿ. ಜಾಲದಿಂದ ತೆಗೆದುಕೊಳ್ಳುವುದನ್ನಷ್ಟೇ ಬಲ್ಲ ಕೈಗಳಿಗೆ ಅದಕ್ಕೆ ಕೊಡುವ ಭಾಗ್ಯವೂ ಬರಲಿ. ಬೇರೊಬ್ಬರು ಓದಿ ನಂಬುತ್ತಾರೆಂದು ತಿಳಿದು ಬರೆದ ಮಗು, ಬೇರೊಬ್ಬರು ಬರೆದದ್ದನ್ನು ಅಷ್ಟು ಸುಲಭವಾಗಿ ನಂಬಲಾರದು. ಆ ಎಚ್ಚರವನ್ನು ಹುಟ್ಟಿಸುವುದು ಭಾಷೆಯ ಪಾಠ. ಅದಕ್ಕೆ ಬೀಗದ ಕೈ ಬೇಕಾಗಿಲ್ಲ, ಉಪಾಧ್ಯಾಯರ ಮನಸ್ಸು ಬೇಕು.