ಭರಣಿ ಮಳೆಗೆ ಮುಂಚೆ

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರ್ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆಗ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು. ಬೆಂಗಳೂರಿನ ಬೀದಿದೀಪಗಳಿಗಿಂತ ಮೂರು ವರ್ಷ ಮೊದಲೇ ಕೆಜಿಎಫ್‌ನಲ್ಲಿ ಮೋಟಾರುಗಳು ತಿರುಗಿದವು. ಅವು ದಪ್ಪ ತಾಮ್ರ ಸುತ್ತಿದ ಗಟ್ಟಿ ಯಂತ್ರಗಳು. ಕರೆಂಟಿನ ಸಣ್ಣಪುಟ್ಟ ಹೊಡೆತಗಳನ್ನು ತಡೆದುಕೊಳ್ಳುತ್ತಿದ್ದವು.

2001ರಲ್ಲಿ ಗಣಿ ಮುಚ್ಚಿತು. ಕರೆಂಟು ದುಡಿಸುವ ಯಂತ್ರಗಳ ಜಾತಿಯೂ ಬದಲಾಗಿದೆ. ಇಂದಿನ ಅಕ್ಕಿ ಗಿರಣಿಯನ್ನೇ ನೋಡಿ. ಬಣ್ಣಗೆಟ್ಟ ಕಾಳನ್ನು ಕ್ಯಾಮೆರಾದಿಂದ ಗುರುತಿಸಿ ಗಾಳಿಯಿಂದ ಚಿಮ್ಮಿಸುವ ಸಾರ್ಟೆಕ್ಸ್ ಯಂತ್ರದೊಳಗಿನ ಚಿಪ್ಪು 5 ವೋಲ್ಟಿಗೂ ಕಡಿಮೆಯಲ್ಲಿ ಬದುಕುತ್ತದೆ. ಬಂಗಾರಪೇಟೆಯ ಗಿರಣಿಯಾಗಲಿ, ಕೆಜಿಎಫ್‌ನ ವರ್ಕ್‌ಶಾಪಾಗಲಿ, ಅಲ್ಲಿನ ಅತಿ ದುಬಾರಿ ಯಂತ್ರವೇ ಅತಿ ನಾಜೂಕು.

ನಮ್ಮ 230 ವೋಲ್ಟ್ ಸರಬರಾಜು ಸಹಜವಾಗಿಯೇ ಸುಮಾರು 325 ವೋಲ್ಟಿನವರೆಗೆ ಏರಿಳಿಯುತ್ತದೆ. ಹತ್ತಿರದಲ್ಲಿ ಸಿಡಿಲು ಬಡಿದರೆ ಅದೇ ತಂತಿಯಲ್ಲಿ ಸಾವಿರಾರು ವೋಲ್ಟು ನುಗ್ಗಿ, ಸೆಕೆಂಡಿನ ಲಕ್ಷದಲ್ಲಿ ಕೆಲವೇ ಭಾಗದಷ್ಟು ಹೊತ್ತಿನಲ್ಲಿ ಮಾಯವಾಗುತ್ತದೆ. ಸಿಡಿಲೇ ಬೇಕೆಂದಿಲ್ಲ, ಪಕ್ಕದ ದೊಡ್ಡ ಮೋಟಾರನ್ನು ಆಫ್ ಮಾಡಿದರೂ ಅಂಥ ಹೊಡೆತ ಏಳುತ್ತದೆ. ಸ್ಟೆಬಿಲೈಜರ್ ಕದಲುವ ಮೊದಲೇ, ಎಂಸಿಬಿ ಬೀಳುವ ಮೊದಲೇ ಬೋರ್ಡು ಸುಟ್ಟಿರುತ್ತದೆ.

ಇದಕ್ಕೆಂದೇ ಸರ್ಜ್ ಅರೆಸ್ಟರ್ ಇದೆ. ಅದರೊಳಗಿನ ಸತುವಿನ ಆಕ್ಸೈಡಿನ ಬಿಲ್ಲೆ ಮಾಮೂಲಿ ವೋಲ್ಟೇಜಿಗೆ ದಾರಿ ಕೊಡುವುದಿಲ್ಲ. ಹೊಡೆತ ಬಂದೊಡನೆ ಅದನ್ನು ಭೂಮಿಗೆ ಹರಿಸುತ್ತದೆ. ಕೆರೆಯ ಕೋಡಿಯ ಹಾಗೆ. ಆದರೆ ಕೋಡಿ ಬಿದ್ದ ನೀರಿಗೆ ಮುಂದೆ ಹಳ್ಳ ತೆರವಾಗಿರಬೇಕು. ನಮ್ಮಲ್ಲಿ ಹೂಳು ತುಂಬಿರುವುದು ಆ ಹಳ್ಳದಲ್ಲಿ, ಅಂದರೆ ಅರ್ಥಿಂಗಿನಲ್ಲಿ.

ಯಾವುದಾದರೂ ಪ್ಯಾನೆಲ್ ಬಾಗಿಲು ತೆಗೆದು ನೋಡಿ. ಅರೆಸ್ಟರಿನಿಂದ ಅರ್ಥ್ ಪಟ್ಟಿಗೆ ಹೋಗುವ ಹಸಿರು ವೈರು ಎಷ್ಟೋ ಕಡೆ ಒಂದೆರಡು ಮೀಟರ್ ಹೆಚ್ಚಾಗಿ, ಮುಂದೆ ಬೇಕಾದೀತೆಂದು ಸಿಂಬೆಯಾಗಿ ಸುತ್ತಿರುತ್ತದೆ. ಅಚ್ಚುಕಟ್ಟಾಗಿ ಕಾಣುವ ಈ ಸುರುಳಿಯೇ ಶತ್ರು. ಮೈಕ್ರೋಸೆಕೆಂಡಿಗೆ ಸಾವಿರ ಆಂಪಿಯರ್ ವೇಗದಲ್ಲಿ ಏರುವ ಪ್ರವಾಹ ನೆಟ್ಟಗಿನ ವೈರಿನ ಒಂದೊಂದು ಮೀಟರಿನಲ್ಲೂ ಸುಮಾರು ಸಾವಿರ ವೋಲ್ಟ್ ಎಬ್ಬಿಸುತ್ತದೆ. ಸುತ್ತಿದರೆ ಇನ್ನೂ ಹೆಚ್ಚು. ಅಷ್ಟೂ ಯಂತ್ರದ ಮೇಲೆಯೇ ಬೀಳುತ್ತದೆ. ಅರೆಸ್ಟರಿನ ಎರಡೂ ಕಡೆಯ ವೈರು ಸೇರಿ ಅರ್ಧ ಮೀಟರ್ ಮೀರಬಾರದೆಂಬ ನಿಯಮ ಇರುವುದು ಇದಕ್ಕೇ.

ಇನ್ನು ನೆಲ. ಕೋಲಾರದ್ದು ಕಲ್ಲುನೆಲ, ಮಳೆ ಕಡಿಮೆ. ಇದ್ದಿಲು, ಉಪ್ಪು ತುಂಬಿ ಕೂರಿಸಿದ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ಅದರ ರೋಧ ಏರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಅಶ್ವಿನಿ, ಭರಣಿ ಮಳೆಗಳು ಗುಡುಗು ಸಿಡಿಲು ಹೊತ್ತು ಬರುತ್ತವೆ. ಭೂಮಿ ಅತಿ ಕಡಿಮೆ ಸಹಕರಿಸುವ ದಿನಗಳಲ್ಲೇ ಅದರ ಅಗತ್ಯ ಅತಿ ಹೆಚ್ಚು.

ಹೊಸ ಯಂತ್ರಕ್ಕೆಂದು ಬೇರೆಯೇ ಗುಂಡಿ ತೋಡಿ, ಹಳೆಯದಕ್ಕೆ ಜೋಡಿಸದೆ ಬಿಡುವ ಪದ್ಧತಿಯೂ ಇದೆ. ಅದು ಅಪಾಯ. ಸಿಡಿಲು ಬಡಿದಾಗ ಎರಡು ಗುಂಡಿಗಳ ನಡುವೆ ಏಳುವ ವೋಲ್ಟೇಜು ಯಂತ್ರದ ಮೂಲಕವೇ ಹಾಯಬಹುದು. ಗುಂಡಿ ಎಷ್ಟಿದ್ದರೂ ಎಲ್ಲವನ್ನೂ ದಪ್ಪ ಪಟ್ಟಿಯಿಂದ ಬೆಸೆದಿರಬೇಕು. ಇಷ್ಟಾದರೂ ಅರೆಸ್ಟರ್ ತಡೆಯುವುದು ಕ್ಷಣದ ಹೊಡೆತವನ್ನಷ್ಟೇ. ನ್ಯೂಟ್ರಲ್ ಕಡಿದು ಸಿಂಗಲ್ ಫೇಸಿಗೆ 400 ವೋಲ್ಟಿನ ಆಸುಪಾಸು ನಿಂತೇಬಿಟ್ಟರೆ ಅರೆಸ್ಟರ್ ತಾನೇ ಸುಟ್ಟುಹೋಗುತ್ತದೆ. ಅದಕ್ಕೆ ಓವರ್‌ವೋಲ್ಟೇಜ್ ರಿಲೇ ಪ್ರತ್ಯೇಕವಾಗಿ ಬೇಕು.

ಇದಾವುದಕ್ಕೂ ದೊಡ್ಡ ಬಂಡವಾಳ ಬೇಡ. ವೈರು ಗಿಡ್ಡ ಮಾಡಲು ಕಟಿಂಗ್ ಪ್ಲೈಯರ್ ಸಾಕು. ಗುಂಡಿಗೆ ನಾಲ್ಕು ಕೊಡ ನೀರು, ಅರ್ಥ್ ಟೆಸ್ಟರಿನಿಂದ ಅಳೆದು ಅಂಕಿಯನ್ನು ಗೋಡೆಯ ಮೇಲೆ ಬರೆಯುವ ಶಿಸ್ತು ಇದ್ದರಾಯಿತು. ಸಾಲ ಮಾಡಿ ಯಂತ್ರ ತಂದ ಸಣ್ಣ ಮಾಲೀಕನಿಗೆ ಒಂದು ಬೋರ್ಡು ಸುಟ್ಟರೆ ವಾರಗಟ್ಟಲೆ ಕೆಲಸ ನಿಲ್ಲುತ್ತದೆ, ಕೂಲಿಯವರ ದಿನಗೂಲಿಯೂ ಹೋಗುತ್ತದೆ. ಆಯುಧಪೂಜೆಯ ದಿನ ಯಂತ್ರ ತೊಳೆದು ಕುಂಕುಮವಿಡುವ ಶ್ರದ್ಧೆ ನಮಗಿದೆ. ಯುಗಾದಿಯ ಹೊತ್ತಿಗೆ ಅಷ್ಟೇ ಶ್ರದ್ಧೆ ಅರ್ಥಿಂಗ್ ಗುಂಡಿಗೂ ಸಲ್ಲಬೇಕು.