ಪ್ರಾಂಶುಪಾಲರ ಹುದ್ದೆಗೆ ಓದುವುದು ಎಲ್ಲಿ?

ಕಾಲೇಜೊಂದರ ಪ್ರಾಂಶುಪಾಲರಾಗಲು ಏನೇನು ಬೇಕು? ಯುಜಿಸಿಯ 2018ರ ನಿಯಮಾವಳಿ ಕೇಳುವುದು ಪಿಎಚ್‌.ಡಿ, 15 ವರ್ಷಗಳ ಅನುಭವ, ಕನಿಷ್ಠ 10 ಸಂಶೋಧನಾ ಪ್ರಕಟಣೆ. ಶಾಖ ವರ್ಗಾವಣೆಯ ಮೇಲೆ ಪಿಎಚ್‌.ಡಿ ಮಾಡಿದವರು ಆ ವಿಷಯದಲ್ಲಿ ಗಟ್ಟಿಗರೇ. ಆದರೆ ಬಜೆಟ್ ಹೊಂದಿಸುವುದು, ಖಾಲಿ ಹುದ್ದೆಗಳ ನಡುವೆಯೇ ತರಗತಿ ನಡೆಸುವುದು, ದೂರು ಹೊತ್ತು ಬಂದ ವಿದ್ಯಾರ್ಥಿಯ ಮಾತು ಕೇಳುವುದು– ಇದನ್ನೆಲ್ಲ ಅವರಿಗೆ ಕಲಿಸಿದ್ದು ಯಾರು?

ಅಮೆರಿಕದಲ್ಲಿ ಇದಕ್ಕೆಂದೇ ‘ಇಡಿ.ಡಿ’ ಎಂಬ ಡಾಕ್ಟರೇಟ್ ಇದೆ. 1920ರ ದಶಕದಿಂದಲೇ ಹಾರ್ವರ್ಡ್ ಅದನ್ನು ನೀಡುತ್ತಿತ್ತು. ಬರಬರುತ್ತಾ ಅದು ಪಿಎಚ್‌.ಡಿಯ ತೆಳು ನಕಲಾಯಿತು. 2005ರಲ್ಲಿ ಆರ್ಥರ್ ಲೆವಿನ್ ಅವರಂತೂ ಈ ಪದವಿಯನ್ನೇ ನಿಲ್ಲಿಸಿ ಎಂದುಬಿಟ್ಟರು. ಅವರು ಆಗ ಕೊಲಂಬಿಯಾದ ಟೀಚರ್ಸ್ ಕಾಲೇಜಿನ ಮುಖ್ಯಸ್ಥರು, ಅಂದರೆ ಹೊರಗಿನವರ ಟೀಕೆಯಲ್ಲ ಇದು.

2010ರಲ್ಲಿ ಹಾರ್ವರ್ಡ್ ‘ಇಡಿ.ಎಲ್‌.ಡಿ’ ಎಂಬ ಮೂರು ವರ್ಷದ ಹೊಸ ಪದವಿ ಶುರು ಮಾಡಿತು. ಮೊದಲ ತಂಡದಲ್ಲಿ 25 ಜನ, ಬೋಧನಾ ಶುಲ್ಕವಿಲ್ಲ. ಶಿಕ್ಷಣದ ಜೊತೆಗೆ ಮ್ಯಾನೇಜ್‌ಮೆಂಟ್, ಸಾರ್ವಜನಿಕ ಆಡಳಿತದ ಪಾಠವೂ ಇತ್ತು. ಮೂರನೇ ವರ್ಷ ತರಗತಿಯೇ ಇಲ್ಲ. ಯಾವುದಾದರೂ ಶಿಕ್ಷಣ ಸಂಸ್ಥೆಗೆ ಹೋಗಿ ನಿಜವಾದ ಸಮಸ್ಯೆಯೊಂದರ ಮೇಲೆ ದುಡಿಯಬೇಕು, ಆ ಕೆಲಸದ ಮೇಲೆಯೇ ಅಂತಿಮ ವರದಿ ಬರೆಯಬೇಕು. ನಮ್ಮ ಇಂಟರ್ನ್‌ಶಿಪ್ ಇದ್ದ ಹಾಗೆ, ಆದರೆ ಸರ್ಟಿಫಿಕೇಟ್‌ಗಾಗಿ ಅಲ್ಲ!

ಯುಜಿಸಿಯ 2025ರ ಜನವರಿಯ ಕರಡು, ಉದ್ಯಮ ಮತ್ತು ಸಾರ್ವಜನಿಕ ಆಡಳಿತದಲ್ಲಿ ಪಳಗಿದವರೂ ಕುಲಪತಿಗಳಾಗಬಹುದು ಎಂದಿತು. ಅದನ್ನು ವಿರೋಧಿಸಿ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಕೆಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸಭೆ ಸೇರಿದ್ದರು. ಚರ್ಚೆಯೆಲ್ಲ ಕುಲಪತಿಯನ್ನು ಆರಿಸುವ ಅಧಿಕಾರ ರಾಜ್ಯಪಾಲರದೋ, ಸರ್ಕಾರದ್ದೋ ಎಂಬುದರ ಸುತ್ತ ಹೆಚ್ಚು ನಡೆಯಿತು. ರಾಜ್ಯದ ಹಕ್ಕಿನ ಪ್ರಶ್ನೆ ದೊಡ್ಡದೇ, ಒಪ್ಪೋಣ. ಆದರೆ ಆಯ್ಕೆಯಾದವರಿಗೆ ಸಂಸ್ಥೆ ನಡೆಸುವ ತರಬೇತಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಹಿಂದೆಯೇ ಉಳಿಯಿತು.

ಹಾಗೆಂದು ನಾಳೆಯೇ ಇಲ್ಲೂ ಇಡಿ.ಡಿ ತನ್ನಿ ಎಂದರೆ ನನಗೆ ಭಯ. ಹೆಸರಿನ ಮುಂದೆ ‘ಡಾ.’ ಸೇರಿಸಿಕೊಳ್ಳುವ ಆಸೆ ನಮ್ಮಲ್ಲಿ ಎಷ್ಟಿದೆ ಎಂಬುದು ಗೊತ್ತೇ ಇದೆ. ಲಕ್ಷಗಟ್ಟಲೆ ಶುಲ್ಕದ ವಾರಾಂತ್ಯದ ಕೋರ್ಸ್ ಆಗಿಬಿಟ್ಟರೆ ಅದರಿಂದ ವಿದ್ಯಾರ್ಥಿಗಳಿಗೆ ಬಂದದ್ದೇನು? ನಾವು ಎರವಲು ತರಬೇಕಿರುವುದು ಹೆಸರನ್ನಲ್ಲ, ಆ ಮೂರನೇ ವರ್ಷವನ್ನು. ಪ್ರಾಂಶುಪಾಲರಾಗಲಿರುವ ಅಧ್ಯಾಪಕರು ಸಂಬಳಸಹಿತ ಒಂದು ವರ್ಷ ಬೇರೆ ಕಾಲೇಜಿನಲ್ಲಿ ಕೆಲಸ ಮಾಡಲಿ. ಅಲ್ಲಿ ಗಣಿತದಲ್ಲಿ ಅಷ್ಟೊಂದು ಬ್ಯಾಕ್‌ಲಾಗ್ ಏಕೆ, ಪ್ಲೇಸ್‌ಮೆಂಟ್‌ಗೆ ಕಂಪನಿಗಳು ಏಕೆ ಬರುತ್ತಿಲ್ಲ ಎಂಬುದರಲ್ಲಿ ಒಂದನ್ನು ಕೈಗೆತ್ತಿಕೊಳ್ಳಲಿ. ಆ ವರದಿಯನ್ನು ಮೌಲ್ಯಮಾಪನ ಮಾಡುವವರಲ್ಲಿ ಆ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳೂ ಇರಲಿ.